ಮೃಗಶಿರಾ ಹುಟ್ಟುವುದರೊಳಗೆ

ಯುಗಾದಿಗೆ ಹಾಸಿಗೆ ಬಟ್ಟೆಯೆಲ್ಲ ಒಗೆದು ಮಡಿಚಿಟ್ಟ ಮೇಲೆ ಚನ್ನಗಿರಿ ಸೀಮೆಯ ಮನೆಗಳಲ್ಲಿ ಗಂಟು ಬಿಚ್ಚುವ ಕಾಲ ಬರುತ್ತದೆ. ಅಟ್ಟದ ಮೇಲಿನ ಹಳೇ ಸೀರೆಯ ಗಂಟು ಕೆಳಗಿಳಿಯುತ್ತದೆ. ಟ್ರಂಕಿನ ತಳದಿಂದ ಉಲ್ಲನ್ ಉಂಡೆಗಳು ಕಡ್ಡಿ ಚುಚ್ಚಿಕೊಂಡೇ ಮೇಲೆ ಬರುತ್ತವೆ. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಕತ್ತರಿಸಿಟ್ಟು ಮರೆತ ಬ್ಲೌಸ್ ಪೀಸು, ರಿಂಗಿಗೆ ಬಿಗಿದಂತೆಯೇ ಉಳಿದ ಅರ್ಧ ನವಿಲು, ಅರ್ಧ ಸೆರಗಿಗೆ ಮಾತ್ರ ಕುಚ್ಚು ಬಿದ್ದ ರೇಷ್ಮೆ ಸೀರೆ, ಎಲ್ಲವೂ ನಡುಮನೆಯ ಚಾಪೆಯ ಮೇಲೆ ಬಂದು ಬೀಳುತ್ತವೆ. ಮುಗಿದದ್ದು ಕಡಿಮೆ, ಮುಗಿಯದ್ದೇ ಹೆಚ್ಚು. ಹಾಗೆ ಹರವಿಕೊಂಡು ಕೂತರೆ ಮನೆಯ ಹೆಂಗಸರು ಕಳೆದ ಐದಾರು ವರ್ಷ ಯಾರ ಮೇಲೆ ಜೀವ ಇಟ್ಟುಕೊಂಡಿದ್ದರು ಅನ್ನುವುದೇ ಕಣ್ಣಿಗೆ ಕಾಣುತ್ತದೆ. ಯಾವುದೋ ಕೂಸಿಗೆಂದು ಹಾಕಿದ ಕುಲಾವಿ ಇರುತ್ತದೆ, ಆ ಕೂಸು ಈಗ ಸೈಕಲ್ ಹೊಡೆಯುತ್ತಿರುತ್ತದೆ.

ಇದನ್ನು ಕಂಡು ‘ಹಿಡಿದದ್ದು ಒಂದನ್ನೂ ಮುಗಿಸೋದಿಲ್ಲ’ ಅಂತ ರೇಗುವವರು ಎಲ್ಲ ಮನೆಯಲ್ಲೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಸೂಜಿ ಓಡುವುದಕ್ಕೂ ನಿಲ್ಲುವುದಕ್ಕೂ ಬಹುಮಟ್ಟಿಗೆ ನೀರೇ ಕಾರಣ. ಚನ್ನಗಿರಿ, ಹೊನ್ನಾಳಿಯ ಎಷ್ಟೋ ಊರುಗಳು ಭದ್ರಾ ನಾಲೆಯ ಕೆಳಗಿವೆ. ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಜನವರಿ, ಫೆಬ್ರವರಿಯಲ್ಲಿ ನಾಟಿ, ಮೇ ಹೊತ್ತಿಗೆ ಕೊಯ್ಲು. ಕೊಯ್ಯಲು ಈಗ ಮಿಷನ್ ಬರುತ್ತದೆ ನಿಜ, ಆದರೆ ಭತ್ತ ಹರವುವುದು, ಕೇರುವುದು, ಮೋಡ ಕಂಡರೆ ಓಡಿಹೋಗಿ ಟಾರ್ಪಾಲು ಹೊದಿಸುವುದು ಮನೆಯವರ ಪಾಲಿಗೇ ಉಳಿದಿದೆ. ಆ ದಿನಗಳಲ್ಲಿ ಹೆಂಗಸರ ಕೈಗೆ ದಬ್ಬಣ ಬಂದರೆ ಅದು ಚೀಲದ ಬಾಯಿ ಹೊಲಿಯುವುದಕ್ಕೆ. ಡ್ಯಾಮಿನಲ್ಲಿ ನೀರು ಸಾಲದೆ ಬೇಸಿಗೆ ಬೆಳೆ ಕೈಬಿಟ್ಟ ವರ್ಷ ಇದೇ ಊರುಗಳಲ್ಲಿ ಜಗಲಿಗೊಂದು ಕೌದಿ ಹಾಸಿರುತ್ತದೆ. ಊರಿಗೆ ಬಂದ ನೆಂಟರು ಬಣ್ಣ ನೋಡಿ ಚೆಂದ ಅನ್ನುತ್ತಾರೆ. ಚೆಂದವೇ. ಅದರ ಜತೆಗೆ ಬಿರುಕು ಬಿಟ್ಟ ಗದ್ದೆಯೂ ನನಗೆ ನೆನಪಾಗುತ್ತದೆ.

ಅಡಿಕೆಯವರ ಲೆಕ್ಕ ಬೇರೆ. ಮಳೆಗಾಲದ ಕೊನೆಯಿಂದ ಸಂಕ್ರಾಂತಿಯ ಸುಮಾರಿನವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಡಿಕೆ ಸುಲಿದ ಬೆರಳಿಗೆ ಹತ್ತಿದ ಚೊಗರು ಬೇಗ ಬಿಡುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ಆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕಲೆ ಬಟ್ಟೆಯಷ್ಟೇ ಕಾಲ ಬಾಳುತ್ತದೆ. ಹಾಗಾಗಿ ತೋಟದ ಮನೆಗಳಲ್ಲಿ ದೀಪಾವಳಿಗೆ ಮುಂಚೆ ಕೈಬಿಟ್ಟ ಕಸೂತಿ ಮತ್ತೆ ಕೈಗೆ ಬರುವುದು ಶಿವರಾತ್ರಿಯ ಆಚೆಗೇ.

ಜಗಳೂರಿನ ಕಡೆ ಬೇಸಿಗೆ ಇನ್ನೂ ಉದ್ದ. ಅಲ್ಲಿ ಬಹುಪಾಲು ಮಳೆ ನಂಬಿದ ಹೊಲ, ಕುರಿ ಹಿಂಡು. ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ನೂಲುವುದು ಹೆಂಗಸರ ಕೈಯಲ್ಲಿ, ನೇಯುವುದು ಗಂಡಸರ ಕೈಯಲ್ಲಿ. ಚಳ್ಳಕೆರೆ, ಜಗಳೂರಿನ ಬಯಲಿನಲ್ಲಿ ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಕುಂಚದಲ್ಲಿ ತೀಡಿ ಒಣಗಿಸುವುದನ್ನು ನೋಡಬೇಕು. ನೂಲಿನ ಒಂದೊಂದು ಎಳೆಯೂ ಬೇರೆಯಾಗಿ, ಗಟ್ಟಿಯಾಗಿ ನಿಲ್ಲಬೇಕಾದರೆ ಬಿಸಿಲು ಖಡಕ್ಕಾಗಿಯೇ ಇರಬೇಕು. ಚಳಿಗೆ ಹೊದೆಯುವ ವಸ್ತುವಿಗೆ ಬೇಸಿಗೆಯ ಬಿಸಿಲು ಬೇಕಾಗುತ್ತದೆ ಅನ್ನುವುದನ್ನು ನಾನು ಮೊದಲು ತಿಳಿದದ್ದು ಅಲ್ಲಿ. ಕೌದಿಗೂ ಅದೇ ನ್ಯಾಯ. ಹೊದೆಯುವುದು ಆರಿದ್ರಾ ಮಳೆಯಲ್ಲಿ, ಹೊಲಿಯುವುದು ಭರಣಿ, ಕೃತ್ತಿಕೆಯಲ್ಲಿ. ಜೂನ್ 8ರ ಸುಮಾರಿಗೆ ಮೃಗಶಿರಾ ಹುಟ್ಟಿತು ಅಂದರೆ ಹೊಲ ಕರೆಯುತ್ತದೆ, ಜಗಲಿಗೆ ಎರಚಲು ಹೊಡೆಯುತ್ತದೆ, ಆಮೇಲೆ ಹಾಸಲು ಜಾಗವೂ ಇಲ್ಲ, ಹೊಲಿಯಲು ಹೊತ್ತೂ ಇಲ್ಲ.

ಕೌದಿಗೆ ಬಟ್ಟೆ ಹೊಂದಿಸುವುದೇ ಮೊದಲ ದೊಡ್ಡ ಕೆಲಸ. ನಮ್ಮ ಪಕ್ಕದ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ, ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿದ್ದಾಗ, ಹತ್ತಿ ಬಟ್ಟೆಗೆ ಬರವಿರಲಿಲ್ಲ. ಈಗ ಉಡುವ ಸೀರೆ ಬಹುಪಾಲು ಪಾಲಿಯೆಸ್ಟರ್. ಜಾರುತ್ತದೆ, ಬೆವರು ಹೀರುವುದಿಲ್ಲ, ಸೂಜಿ ಚುಚ್ಚಿದಲ್ಲಿ ಎಳೆ ಬಿಡುತ್ತದೆ. ಒಳಪದರಕ್ಕೆ ಹಾಕಿದರೆ ಕೌದಿ ಎರಡೇ ವರ್ಷದಲ್ಲಿ ಮುದ್ದೆಗಟ್ಟುತ್ತದೆ. ಈಗಿನ ಕೌದಿಯನ್ನು ಕಾಪಾಡಿರುವುದು ನೈಟಿ. ನಾಲ್ಕು ವರ್ಷ ತೊಟ್ಟು ಮೆತ್ತಗಾದ ಹತ್ತಿ ನೈಟಿಯಷ್ಟು ಒಳ್ಳೆಯ ಪದರ ಇನ್ನೊಂದಿಲ್ಲ, ಲುಂಗಿ ಮತ್ತು ಪಂಚೆ ಅದರ ನಂತರ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬಂದಾಗ ನಮ್ಮ ಅಜ್ಜಿ ಬಾಗಿಲಲ್ಲಿ ನಿಂತು ರೇಷ್ಮೆಯಂಥದ್ದನ್ನು ಕೊಟ್ಟುಬಿಡುತ್ತಿದ್ದಳು, ಹತ್ತಿಯದನ್ನು ಮುಟ್ಟಗೊಡುತ್ತಿರಲಿಲ್ಲ. ‘ಡಬರಿ ನಾಳೆನೂ ಸಿಗ್ತೈತೆ, ಈ ಸೀರೆ ಸಿಗಲ್ಲ’ ಅನ್ನುತ್ತಿದ್ದಳು.

ಬಟ್ಟೆ ಕೂಡಿದ ಮೇಲೆ ನೆಲ ಬೇಕು. ಮನೆಯೊಳಗೆ ಸಾಲದಿದ್ದರೆ ಗುಡಿಯ ಜಗಲಿ. ಅಡಿಗೆ ಒಂದು ಗಟ್ಟಿ ಸೀರೆ ಎಳೆದು ಹಾಸಿ ನಾಲ್ಕು ಮೂಲೆಗೂ ಕಲ್ಲು ಇಡುತ್ತಾರೆ. ಅದರ ಮೇಲೆ ಪದರ, ಪದರದ ಮೇಲೆ ತುಂಡು. ತುಂಡು ಜೋಡಿಸುವಾಗ ಕೂತವರು ನಾಲ್ಕು ಜನವಿದ್ದರೆ ಅಭಿಪ್ರಾಯ ಐದು. ಕೆಂಪಿನ ಪಕ್ಕ ಹಸಿರು ಬರಲಿ, ಮಗನ ಸ್ಕೂಲ್ ಯೂನಿಫಾರ್ಮಿನ ನೀಲಿ ನಡುವೆ ಇರಲಿ, ಆ ಹೂವಿನದು ನಮ್ಮತ್ತೆಯದು, ಅದನ್ನು ಅಂಚಿಗೆ ತಳ್ಳಬೇಡ. ಜಗಳ ಮುಗಿದ ಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲ ಪದರವನ್ನೂ ಒಟ್ಟಿಗೆ ಹಿಡಿಸಿ, ಕಲ್ಲು ತೆಗೆದು, ಅಂಚಿನಿಂದ ಒಳಗೆ ಸಾಲು ಹಿಡಿಯುತ್ತಾರೆ. ಸಾಲಿಗೂ ಸಾಲಿಗೂ ಬೆರಳಗಲ. ಹೊಲಿಯುವವರು ಹೊಲಿದ ಭಾಗದ ಮೇಲೇ ಕೂತು ಮುಂದೆ ಸರಿಯುತ್ತಾ ಹೋಗುತ್ತಾರೆ, ಹಾಗೆ ಕೂತ ಭಾರಕ್ಕೇ ಪದರ ಅಲುಗದೆ ಬಿಗಿಯುತ್ತದೆ.

ನಮ್ಮ ಮನೆಯ ಹಳೆಯ ಕೌದಿಯೊಂದನ್ನು ಬಿಸಿಲಿಗೆ ಹಿಡಿದರೆ ಯಾರ್ಯಾರು ಹೊಲಿದರು ಅನ್ನುವುದನ್ನು ಸಾಲಿನಲ್ಲೇ ಓದಬಹುದು. ಅಜ್ಜಿಯ ಹೊಲಿಗೆ ಜೀರಿಗೆ ಸಾಲಿಟ್ಟ ಹಾಗೆ ಸಣ್ಣ, ಒಂದೇ ಅಳತೆ. ಅದರ ಪಕ್ಕಕ್ಕೆ ದೊಡ್ಡವ್ವನ ಬಿಗಿ ಹೊಲಿಗೆ, ಬಟ್ಟೆ ಅಲ್ಲಲ್ಲಿ ನೆರಿಗೆ ಎದ್ದಿದೆ. ನಡುವೆ ಒಂದು ಗೇಣಿನಷ್ಟು ಸೊಟ್ಟಂಬಟ್ಟ ದೊಡ್ಡ ಹೊಲಿಗೆ. ರಜೆಗೆ ಬಂದ ಯಾವುದೋ ಹುಡುಗಿಯ ಕೈಗೆ ಸೂಜಿ ಕೊಟ್ಟು ಕೂಡಿಸಿದ್ದಾರೆ. ಅದನ್ನು ಬಿಚ್ಚಿ ಮತ್ತೆ ಹೊಲಿದಿಲ್ಲ. ಅಷ್ಟು ಒರಟು ಹೊಲಿಗೆಯನ್ನೂ ಕೌದಿ ಹೊಟ್ಟೆಗೆ ಹಾಕಿಕೊಂಡಿದೆ, ಈಗಲೂ ಅಲ್ಲಿ ದಾರ ಹರಿದಿಲ್ಲ.

ಈ ಕೌದಿಯಿಂದ ನನಗೆ ಹೊಳೆದ ವಿಚಾರ ಇಷ್ಟು. ಅರ್ಧಕ್ಕೆ ನಿಂತ ಕೈಕೆಲಸದಲ್ಲಿ ಎರಡು ಜಾತಿ ಇದೆ. ಒಂದು, ಇನ್ನೊಬ್ಬರ ಕೈಯನ್ನು ಒಪ್ಪುವಂಥದ್ದು. ಇನ್ನೊಂದು, ಹಿಡಿದವರ ಕೈಯೇ ಬೇಕು ಅನ್ನುವಂಥದ್ದು. ಕೌದಿ ಮೊದಲನೆಯದಕ್ಕೆ ಸೇರಿದೆ. ಹಾಗಾಗಿ ಅದು ನಿಂತರೂ ನನಗೆ ಚಿಂತೆಯಿಲ್ಲ. ಸೂಜಿಯನ್ನು ಅಲ್ಲೇ ಚುಚ್ಚಿಟ್ಟು ಹೆರಿಗೆಗೋ ಕೊಯ್ಲಿಗೋ ಎದ್ದು ಹೋದರೆ, ಮುಂದಿನ ಬೇಸಿಗೆಗೆ ಇನ್ನೊಬ್ಬರು ಅದೇ ಸೂಜಿ ಎಳೆದು ಮುಂದುವರಿಸುತ್ತಾರೆ. ಸ್ವೆಟರ್ ಹಾಗಲ್ಲ. ಹೆಣೆಯುವವರ ಕೈಬಿಗಿ ಬೇರೆ ಬೇರೆ. ಒಂದೇ ನೂಲು, ಒಂದೇ ನಂಬರಿನ ಕಡ್ಡಿ, ಅಷ್ಟೇ ಕುಣಿಕೆ ಇದ್ದರೂ ನನ್ನದು ಒಂದು ಬೆರಳು ಅಗಲ ಬರುತ್ತದೆ, ದೊಡ್ಡವ್ವನದು ಒಂದು ಬೆರಳು ಕಿರಿದು. ನಡುವೆ ಕೈ ಬದಲಾದರೆ ಬೆನ್ನ ಮೇಲೆ ಪಟ್ಟಿ ಬಿದ್ದದ್ದು ದೂರದಿಂದಲೇ ಕಾಣುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಇಂಥದ್ದೊಂದು ನಮ್ಮ ಟ್ರಂಕಿನಲ್ಲಿದೆ. ಬೂದು ಬಣ್ಣದ ಉಣ್ಣೆಯ ಸ್ವೆಟರ್: ಬೆನ್ನು, ಎದೆ, ಒಂದು ತೋಳು. ದೊಡ್ಡವ್ವ ಹೆಣೆಯುತ್ತಿದ್ದದ್ದು. ಆಕೆ ತೀರಿಕೊಂಡ ಮೇಲೆ ಪ್ರತಿ ಬೇಸಿಗೆಯೂ ಗಂಟು ಬಿಚ್ಚಿದಾಗ ಅದು ಹೊರಗೆ ಬರುತ್ತದೆ, ಬೇವಿನ ಸೊಪ್ಪು ಬದಲಿಸಿಕೊಂಡು ಒಳಗೆ ಹೋಗುತ್ತದೆ.

ಎಷ್ಟೋ ಕೈ ಸೇರಿ ಒಂದು ವಸ್ತುವಾಗುವ ಇನ್ನೊಂದು ಕಲೆ ನಮ್ಮ ನೆರೆಯಲ್ಲೇ ಇದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಊರು. ಫೆಬ್ರವರಿಯ ಜಯಂತಿಗೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಆ ಜನಜಂಗುಳಿಯಲ್ಲಿ ವಯಸ್ಸಾದ ತಾಯಂದಿರು ಉಟ್ಟ ಪೇಟಿಯಾ ಲಂಗ, ಕಾಂಚಳಿ ರವಿಕೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಕನ್ನಡಿ ಚೂರಿನ ಸುತ್ತ ದಾರ ಹೆಣೆದ ಅಚ್ಚುಕಟ್ಟು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂದು ಪೂರ್ತಿ ಉಡುಪಿಗೆ ವರ್ಷಗಟ್ಟಲೆ ಹಿಡಿಯುತ್ತದೆ, ತಾಂಡಾದಿಂದ ಕಬ್ಬು ಕಡಿಯಲೋ ಕಾಫಿ ತೋಟಕ್ಕೋ ಗುಳೆ ಹೋದರೆ ಅದೂ ಅರ್ಧಕ್ಕೆ ನಿಲ್ಲುತ್ತದೆ. ತುಂಡು ತುಂಡಾಗಿ ಕಸೂತಿ ಹಾಕಿ ಆಮೇಲೆ ಕೂಡಿಸುವ ಪದ್ಧತಿ ಇರುವುದರಿಂದ ಕೆಲಸ ಉಳಿಯುತ್ತದೆ. ಒಂದು ತುಂಡು ಗಂಟಿನಲ್ಲಿ ಜತೆಗೂ ಹೋಗಬಹುದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆದರು. ಆ ಸುದ್ದಿ ಓದಿದ ದಿನ ನಾನು ದಾಖಲೆಗಿಂತ ಹೆಚ್ಚಾಗಿ ಆ ಕೈಗಳ ಬಗ್ಗೆ ಯೋಚಿಸಿದೆ. ಅಡುಗೆ, ಕೂಲಿ, ಮಕ್ಕಳು, ಎಲ್ಲದರ ನಡುವೆ ಒಂದೊಂದು ತುಂಡು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿಯಲ್ಲಿ ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದಕ್ಕೆ ಒಂದು ಗುರುತೇ ಉಂಟು. ಅವರೂ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮುಕ್ಕೋನದ ತುಂಡುಗಳನ್ನು ಮಡಿಚಿ ಹೂವು ಕೂಡಿಸಬೇಕು. ಹೂವಿಲ್ಲದ ಕೌದಿ ಬೆತ್ತಲೆ ಅನ್ನುತ್ತಾರೆ. ಕಡಲಾಚೆ ಅಮೆರಿಕದ ಅಲಬಾಮಾ ಪ್ರಾಂತ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸಕ್ಕೆ ತೊಟ್ಟು ಸವೆದ ಪ್ಯಾಂಟು, ಅಂಗಿಗಳಲ್ಲೇ ಹೊದಿಕೆ ಹೊಲಿದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗೆ ಅವು ಏರಿದವು. ಅವುಗಳ ಫೋಟೋ ನೋಡಿದಾಗ ನನಗೆ ಮೊಣಕಾಲು ಸವೆದ ಜಾಗದ ಬಣ್ಣ ಗುರುತು ಸಿಕ್ಕಿತು. ನಮ್ಮಲ್ಲೂ ಖಾಕಿ ನಿಕ್ಕರಿನ ತುಂಡು ಹಾಗೆಯೇ ಬಿಳಿಚಿಕೊಂಡಿರುತ್ತದೆ.

ಸೂಜಿ ಹಿಡಿದವರ ಮಾತು ಕನ್ನಡದಲ್ಲಿ ಇವತ್ತಿನದಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ನೂಲುವ ಕದಿರ ರೆಮ್ಮವ್ವೆ ಇದ್ದರು. ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೂ ದೇವರ ಲೆಕ್ಕಕ್ಕೆ ಹಚ್ಚಿ ವಚನ ಹೇಳಿದವಳು. ಕೈಯಲ್ಲಿರುವ ಸಾಮಾನನ್ನು ಅಷ್ಟು ಹತ್ತಿರದಿಂದ ನೋಡಿದವಳ ನೂಲು ಎಷ್ಟು ನಯವಾಗಿತ್ತೋ ಎಂದು ಬಹಳ ಸಲ ಅಂದುಕೊಂಡಿದ್ದೇನೆ.

ಇನ್ನು ಬೇಸಿಗೆಯ ದಿನಚರಿ. ಒಂದೇ ಕೆಲಸ ಹಿಡಿದು ಮುಗಿಸು ಅನ್ನುವವರು ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಉಣ್ಣೆಯ ಸ್ವೆಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು ನೋಡಬೇಕು. ಬೆವರಿದ ಬೆರಳಿಗೆ ನೂಲು ಅಂಟುತ್ತದೆ, ಕುಣಿಕೆ ಕಡ್ಡಿಯ ಮೇಲೆ ಜಾರುವುದಿಲ್ಲ. ಅಂಗಡಿಯಲ್ಲಿ ಈಗ ಉಲ್ಲನ್ ಅಂತ ಸಿಗುವುದು ಹೆಚ್ಚಿನದು ಅಕ್ರಿಲಿಕ್, ಅದು ಬೆವರನ್ನು ಹೀರುವುದೂ ಇಲ್ಲ. ಹಾಗಾಗಿ ಹೊತ್ತಿಗೊಂದು ಕೆಲಸ. ಬೆಳಗಿನ ತಂಪಿಗೆ ಕೌದಿ, ಹತ್ತು ಗಂಟೆಯ ಒಳಗೆ ಎಷ್ಟಾಗುತ್ತದೋ ಅಷ್ಟು, ಆಮೇಲೆ ಅದರ ಮೇಲೆ ಕೂರುವುದೇ ಕಷ್ಟ. ಮಧ್ಯಾಹ್ನಕ್ಕೆ ಹಗುರವಾದದ್ದು: ಕುಚ್ಚು, ಹೆಮ್ಮಿಂಗ್, ಹುಕ್ಕು, ಕ್ರೋಷಾ ಲೇಸು. ಹೊಲಿಗೆ ಮಿಷನ್ನಿಗೆ ಸಂಜೆ. ಬಟ್ಟೆ ಕತ್ತರಿಸುವಾಗ ಫ್ಯಾನ್ ಹಾಕುವ ಹಾಗಿಲ್ಲ, ಪೇಪರ್ ಕಟಿಂಗ್ ಹಾರುತ್ತದೆ, ತೆಳು ಲೈನಿಂಗ್ ಮಡಿಚಿಕೊಳ್ಳುತ್ತದೆ. ಬಿಸಿಲು ಇಳಿದು ಗಾಳಿ ನಿಂತ ಹೊತ್ತೇ ಕತ್ತರಿಗೆ ಸರಿ. ಕರೆಂಟು ಹೋದರೆ ಕಾಲಲ್ಲಿ ತುಳಿಯುವ ಮಿಷನ್ ಇದ್ದವರು ಗೆದ್ದರು. ಬೆವರಿಗೆ ಸೂಜಿ ತುಕ್ಕು ಹಿಡಿಯುತ್ತದೆ. ಅಜ್ಜಿ ಆಗಾಗ ಸೂಜಿಯನ್ನು ತಲೆಗೂದಲಲ್ಲಿ ಒಮ್ಮೆ ಎಳೆದುಕೊಳ್ಳುತ್ತಿದ್ದಳು, ಕೂದಲ ಎಣ್ಣೆ ತಾಗಿ ಸೂಜಿ ಮತ್ತೆ ಸರಾಗವಾಗಿ ಓಡುತ್ತಿತ್ತು. ಎರಡು ಮೂರು ಕೆಲಸ ಒಟ್ಟಿಗೆ ನಡೆಯುವುದು ಹೀಗೆ. ಇದಕ್ಕೆ ಚಂಚಲತೆ ಅಂತ ಹೆಸರಿಡುವವರು ದಿನದ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮದುವೆಯ ಹಂಗಾಮು ಬಂತೆಂದರೆ ಎಲ್ಲವೂ ಬದಿಗೆ. ಬಸವ ಜಯಂತಿಯ ಹಿಂದೆ ಮುಂದೆ ಸಂತೇಬೆನ್ನೂರಿನಿಂದ ಹೊನ್ನಾಳಿಯವರೆಗೆ ಯಾವ ಕಲ್ಯಾಣ ಮಂಟಪವೂ ಖಾಲಿ ಇರುವುದಿಲ್ಲ. ಸೀರೆಗೆ ಫಾಲ್ ಹಚ್ಚಬೇಕು, ಜಿಗ್‌ಜಾಗ್ ಆಗಬೇಕು, ಕುಚ್ಚು ಬೇಕು. ಮೊದಲೆಲ್ಲ ಸೆರಗಿನ ದಾರವನ್ನೇ ಗಂಟು ಹಾಕಿದರೆ ಕುಚ್ಚು. ಈಗ ಮಣಿ, ಕ್ರೋಷಾ, ಎರಡು ಬಣ್ಣದ ರೇಷ್ಮೆ ದಾರ. ಒಂದು ಸೆರಗಿಗೆ ಎರಡು ಮೂರು ಮಧ್ಯಾಹ್ನ ಬೇಕು, ಕತ್ತು ನೋಯುತ್ತದೆ. ಓದು ಅರ್ಧಕ್ಕೆ ಬಿಟ್ಟ ಹುಡುಗಿಯರೂ ಮಕ್ಕಳು ಸಣ್ಣವಿರುವ ತಾಯಂದಿರೂ ಮನೆಯಲ್ಲೇ ಕೂತು ಇದರಿಂದ ಸ್ವಂತ ದುಡ್ಡು ಕಾಣುತ್ತಿದ್ದಾರೆ. ಆ ದುಡ್ಡನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಯಾರನ್ನೂ ಕೇಳದೆ ಮಗುವಿಗೆ ಚಪ್ಪಲಿ ಕೊಡಿಸುವ ದುಡ್ಡು ಅದು. ಊರವರ ಸೀರೆ ಹೇಳಿದ ದಿನಕ್ಕೆ ಮುಗಿಯುತ್ತದೆ, ಕೂತು ಹಾಕಿದವಳ ಸ್ವಂತ ಸೀರೆ ಅರ್ಧ ಸೆರಗಿನಲ್ಲೇ ಉಳಿಯುತ್ತದೆ. ಕುಚ್ಚು ಹಾಕಲು ಕೊಟ್ಟವರು ಹಣ ಕೊಡುವಾಗ ಚೌಕಾಸಿ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಕತ್ತುನೋವಿಗೆ ಬೆಲೆ ಕಟ್ಟಿದವರಿಲ್ಲ.

ಮುಗಿದವುಗಳ ಬಗ್ಗೆ ಹೇಳುವುದು ಅಷ್ಟಿಲ್ಲ, ಅವು ಹೊರಟುಹೋಗುತ್ತವೆ. ಕುಲಾವಿ ಬಾಣಂತಿಯ ಮನೆಗೆ, ಕೌದಿ ಮಗಳ ಮನೆಗೆ. ಮುಗಿದದ್ದು ಅನ್ನುವ ಕೌದಿಯೂ ಒಗೆತದಲ್ಲಿ ಮತ್ತೆ ಬಾಯಿ ಬಿಡುತ್ತದೆ. ನಾಲೆಯ ಮೆಟ್ಟಿಲಿನ ಮೇಲೋ ಹೊನ್ನಾಳಿಯ ಹೊಳೆಯಲ್ಲೋ ನೀರು ಕುಡಿದ ಕೌದಿಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುವಾಗ ಎಲ್ಲಿ ಸವೆದಿದೆ ಅನ್ನುವುದು ಕೈಗೇ ತಿಳಿಯುತ್ತದೆ. ಅಲ್ಲಿಗೊಂದು ತುಂಡು ಬೀಳುತ್ತದೆ. ತುಂಡಿನ ಮೇಲೆ ತುಂಡು ಬಿದ್ದು ಇನ್ನಾಗದು ಅನ್ನಿಸಿದಾಗ ಇಡೀ ಕೌದಿಯೇ ಹೊಸದೊಂದರ ಒಳಪದರ ಆಗುತ್ತದೆ. ನಾನು ಚಿಕ್ಕವಳಿದ್ದಾಗ ಹೊದ್ದದ್ದು ಈಗ ಯಾವ ಕೌದಿಯ ಒಳಗಿದೆ ಎಂದು ನನಗೆ ಗೊತ್ತು.

ಹಾಗಾದರೆ ಏನನ್ನೂ ಬಿಚ್ಚಬಾರದೇ? ಬಿಚ್ಚಬೇಕು. ಗ್ರೀಕರ ಪುರಾಣದಲ್ಲಿ ಪೆನೆಲೋಪಿ ಹಗಲು ನೇಯ್ದದ್ದನ್ನು ಇರುಳು ಬಿಚ್ಚುತ್ತಾ ಮೂರು ವರ್ಷ ತಳ್ಳಿದಳು, ಗಂಡ ಬರುವ ತನಕ ಆ ಬಟ್ಟೆ ಮುಗಿಯಬಾರದಿತ್ತು. ನಮ್ಮ ಟ್ರಂಕುಗಳಲ್ಲಿಯೂ ಯಾರದೋ ದಾರಿ ಕಾಯುವ ಹಾಗೆ ಕೂತ ವಸ್ತುಗಳಿರುತ್ತವೆ. ಕೂಸು ಬೆಳೆದು ದೊಡ್ಡವನಾದ ಮೇಲೆ ಅವನ ಅಳತೆಯ ಕುಲಾವಿಯನ್ನು ಇಟ್ಟುಕೊಂಡು ಫಲವಿಲ್ಲ, ನೂಲಿಗೆ ಇನ್ನೊಂದು ಕೂಸು ಸಿಗಲಿ. ಬಿಚ್ಚುವುದಕ್ಕೂ ಬೇಸಿಗೆಯೇ ಒಳ್ಳೆಯದು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ಒಂದು ತಂಬಿಗೆ ಕಟ್ಟಿ ನೆರಳಲ್ಲಿ ನೇತುಹಾಕಿದರೆ ಆ ಭಾರಕ್ಕೆ ಎಳೆ ನೇರವಾಗುತ್ತದೆ. ಬಿಸಿಲಿಗೆ ಹಾಕಿದರೆ ಉಣ್ಣೆಯ ಬಣ್ಣ ಹೋಗುತ್ತದೆ.

ಈ ಸಲ ದೊಡ್ಡವ್ವನ ಸ್ವೆಟರ್ ಚಾಪೆಯ ಮೇಲೆ ಬಂದಾಗ ಹೊನ್ನಾಳಿಯಿಂದ ಅತ್ತಿಗೆ ಬಂದಿದ್ದರು. ಎತ್ತಿಕೊಂಡು, ಎದೆಯ ಭಾಗವನ್ನು ಬೆಳಕಿಗೆ ಹಿಡಿದು, ತಿರುವಿ ನೋಡಿದರು. ‘ಇನ್ನೊಂದು ತೋಳು ಯಾಕೆ ಬೇಕವ್ವಾ? ಇರೋ ತೋಳು ಬಿಚ್ಚಿಬಿಡು. ಕಂಕುಳ ಸುತ್ತ ಬಾರ್ಡರ್ ಎತ್ತಿದ್ರೆ ತೋಳಿಲ್ಲದ ಸ್ವೆಟರ್ ಆಗ್ತೈತೆ’ ಅಂದರು. ನನಗೆ ಹೊಳೆದಿರಲಿಲ್ಲ. ಬೆನ್ನು, ಎದೆ ಪೂರ್ತಿ ದೊಡ್ಡವ್ವನ ಕೈಯದೇ ಉಳಿಯುತ್ತವೆ, ಬಾರ್ಡರ್ ಬೇರೆ ಪಟ್ಟಿಯಾದ್ದರಿಂದ ಕೈಬಿಗಿ ಬದಲಾದರೂ ಎದ್ದು ಕಾಣುವುದಿಲ್ಲ. ನಿನ್ನೆ ಮಧ್ಯಾಹ್ನ ತೋಳು ಬಿಚ್ಚಿದೆವು. ದೊಡ್ಡವ್ವ ಹಾಕಿದ್ದ ಗಂಟು ಎಷ್ಟು ಬಿಗಿಯಿತ್ತೆಂದರೆ ಸೂಜಿಯ ಮೊನೆಯಲ್ಲಿ ಸಡಿಲಿಸಿಕೊಂಡೇ ಬಿಡಿಸಬೇಕಾಯಿತು. ಲಡಿ ಈಗ ಹಿತ್ತಲ ಕಡೆಯ ನೆರಳಲ್ಲಿ ಒಣಗುತ್ತಿದೆ. ಹನ್ನೆರಡನೇ ನಂಬರಿನ ಕಡ್ಡಿ ನಮ್ಮಲ್ಲಿಲ್ಲ, ಸೋಮವಾರ ಬರುವಾಗ ಅತ್ತಿಗೆಯೇ ತರುತ್ತಾರೆ. ಎರಡು ಸೀದಾ ಎರಡು ಉಲ್ಟಾ ಹಾಕಿ ಬಾರ್ಡರ್ ಎತ್ತಿದ ಮೇಲೂ ಒಂದು ಉಂಡೆ ನೂಲು ಉಳಿಯುತ್ತದೆ, ಅದು ಅವರ ಮೊಮ್ಮಗಳ ಕುಲಾವಿಗೆ ಅಂತ ಈಗಾಗಲೇ ಗೊತ್ತು ಮಾಡಿಕೊಂಡಿದ್ದಾರೆ.